ನೀರಿನ ಸಾಲಿನಲ್ಲಿ ಎಲೆನಾ ಮೇಡಂ

ಕುವೈತಿನ ಫರ್ವಾನಿಯಾದಿಂದ ನಮ್ಮ ಬಸ್ಸು ಹೊರಟದ್ದು ತೊಂಬತ್ತರ ಸೆಪ್ಟೆಂಬರಿನ ಒಂದು ಬೆಳಿಗ್ಗೆ. ಇರಾಕಿ ಸೈನ್ಯ ದೇಶಕ್ಕೆ ನುಗ್ಗಿ ತಿಂಗಳು ಕಳೆದಿತ್ತು. ನಾನು ಗಣಿತ ಕಲಿಸುತ್ತಿದ್ದ ಶಾಲೆಗೆ ಬೀಗ ಬಿದ್ದಿತ್ತು. "ಟೀಚರೇ, ಒಂದು ಬ್ಯಾಗ್ ಸಾಕು. ಯಲ್ಲಾ, ಹತ್ತಿ," ಎಂದರು ಬಸ್ಸು ಗೊತ್ತುಮಾಡಿದ್ದ ಹಮೀದ್ ಭಾಯಿ. ಉಳ್ಳಾಲ ಕಡೆಯ ಬ್ಯಾರಿ, ಬಟ್ಟೆ ಅಂಗಡಿ ಬಿಟ್ಟು ಬಂದವರು. ನನ್ನ ಪಕ್ಕದಲ್ಲಿ ಶಾಲೆಯ ಪ್ರಿನ್ಸಿಪಾಲ್ ಎಲೆನಾ ಮೇಡಂ ಕೂತರು. ಪೆರು ದೇಶದವರು, ಅವರನ್ನು ಕರೆದೊಯ್ಯಲು ಅವರ ದೇಶದ ಬಸ್ಸು ಯಾವುದೂ ಬಂದಿರಲಿಲ್ಲ.

ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿ ಮುಟ್ಟಲು ಎರಡು ದಿನ ಹಿಡಿಯಿತು. ಕಿಟಕಿಯಿಂದ ಬೆಂಕಿಯಂಥ ಗಾಳಿ. ತಿನ್ನಲು ಒಣಗಿದ ಖುಬ್ಬೂಸ್ ರೊಟ್ಟಿ, ಖರ್ಜೂರ. ಸೊಂಟ ಮರಗಟ್ಟಿತ್ತು. ದಾರಿ ಸವೆಯಲೆಂದು ಮೇಡಂ ತಮ್ಮ ಊರಿನ ಮಾತು ತೆಗೆದರು. ಬೆಟ್ಟದ ಮೇಲಿನ ಆ ಊರಲ್ಲಿ ಶಾಲೆ ಮುಗಿಸಿದ ಮೊದಲ ಹುಡುಗಿ ಅವರಂತೆ. ಅಲ್ಲಿನ ಮೊದಲ ಹೆಡ್‌ಮೇಡಂ, ಆಮೇಲೆ ಪುರಸಭೆಗೆ ಗೆದ್ದ ಮೊದಲ ಹೆಂಗಸು.

"ಮೊದಲ ಸಭೆಯಲ್ಲಿ ನನಗೆ ಕುರ್ಚಿಯೇ ಇಟ್ಟಿರಲಿಲ್ಲ," ಎಂದರು.

"ಏನು ಮಾಡಿದಿರಿ?"

"ನಿಂತೇ ಮಾತಾಡಿದೆ. ಮೂರು ಗಂಟೆ."

ಗಡಿಯಾಚೆ ಮರಳಿನಲ್ಲಿ ನಮ್ಮಂತೆ ಓಡಿಬಂದವರ ಸಾಲು ಸಾಲು ಡೇರೆ. ನೀರಿನ ಲಾರಿ ಬಂದ ಕೂಡಲೇ ಗಂಡಸರು ಮುಗಿಬಿದ್ದರು. ಹಿಂದೆ ಒಬ್ಬ ಬಾಣಂತಿ ಖಾಲಿ ಕ್ಯಾನ್ ಹಿಡಿದುಕೊಂಡೇ ಕುಸಿದಳು. ಮೇಡಂ ನುಗ್ಗಿ ಹೋಗಿ ಲಾರಿಯ ನಲ್ಲಿ ಬಂದ್ ಮಾಡಿದರು. "ಮಕ್ಕಳಿರುವವರು ಮೊದಲು!" ಎಂದರು ಇಂಗ್ಲಿಷಿನಲ್ಲಿ.

"ಇವಳು ಯಾರು ನಮಗೆ ಹೇಳ್ಲಿಕ್ಕೆ?" ಎಂದು ನಮ್ಮ ಕಡೆಯವನೇ ಒಬ್ಬ ಕೂಗಿದ.

ಮೇಡಂ ನನ್ನತ್ತ ತಿರುಗಿದರು. "ನಿಮ್ಮ ಭಾಷೆಯಲ್ಲಿ ನೀವು ಹೇಳಿ." ನನಗೋ ಎಲ್ಲಾದರೂ ಬಿದ್ದುಕೊಂಡರೆ ಸಾಕಾಗಿತ್ತು. ಆದರೂ ಕನ್ನಡ, ತುಳು, ಹಿಂದಿ ಮೂರರಲ್ಲೂ ಹೇಳಿದೆ. ಯಾರೂ ಕದಲಲಿಲ್ಲ. ಕೊನೆಗೆ ಹಮೀದ್ ಭಾಯಿ, "ಟೀಚರ್ ಹೇಳುವುದು ಸರಿ ಉಂಟು ಮಾರಾಯ್ರೇ," ಎನ್ನುತ್ತಾ ತಮ್ಮ ಕ್ಯಾನ್ ಎತ್ತಿಕೊಂಡು ಎಲ್ಲರ ಹಿಂದೆ ಹೋಗಿ ನಿಂತರು. ಉಳಿದವರು ಗೊಣಗುತ್ತಲೇ ಹಿಂದೆ ಸರಿದರು.

ಆರನೆಯ ದಿನ ಭಾರತಕ್ಕೆ ಹೋಗುವ ವಿಮಾನದ ಪಟ್ಟಿಯಲ್ಲಿ ನಮ್ಮ ಹೆಸರುಗಳು ಬಂದವು. ಮೇಡಂ ಹೆಸರಿರಲಿಲ್ಲ.

"ನಾನೂ ಉಳಿಯಲೇ?" ಎಂದೆ. ಬೇಡ ಎನ್ನಲಿ ಎಂದೇ ಕೇಳಿದ್ದೆ. ಅದು ಅವರಿಗೂ ತಿಳಿಯಿತು.

"ಹೋಗಿ. ಮನೆಗೆ ಹೋಗಿ ನಿದ್ದೆ ಮಾಡಿ," ಎಂದು ನನ್ನ ಕೆನ್ನೆ ತಟ್ಟಿದರು.

ಅವರು ಕ್ಷೇಮವಾಗಿ ಊರು ಸೇರಿದ ಕಾಗದ ಮರುವರ್ಷ ಬಂತು. ಆ ದಿನ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ. ವಿಮಾನ ಹತ್ತಿಸಲು ಅಮ್ಮಾನ್ ನಗರಕ್ಕೆ ಹೊರಟ ಬಸ್ಸಿನ ಹಿಂದಿನ ಗಾಜಿನಿಂದ ಕೈ ಬೀಸಿದೆ. ಅವರು ಇತ್ತ ನೋಡಲಿಲ್ಲ. ನೀರಿನ ಸಾಲು ಮುರಿದು ಮುಂದೆ ಬಂದವನೊಬ್ಬನ ಭುಜ ಹಿಡಿದು ಹಿಂದಕ್ಕೆ ಕಳಿಸುತ್ತಿದ್ದರು.