ಖಾತೂನ್ ಬೀ ಕಂಡ ಚಂದ್ರ

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಚಂದ್ರನಿಗೆ ವರ್ಷಕ್ಕೆ ಹನ್ನೆರಡು ಹೆಸರು. ಹನ್ನೆರಡೂ ಖಾತೂನ್ ಬೀ ಅವರ ಬಾಯಲ್ಲಿ. ಮೊಹರಂ ಚಾಂದ್, ಬಾರಾ ವಫಾತ್ ಚಾಂದ್, ದಸ್ತಗೀರ್ ಚಾಂದ್. ಬಕ್ರೀದ್‌ಗೆ ಮುಂಚಿನ ತಿಂಗಳಲ್ಲಿ ಹಬ್ಬವೇ ಇಲ್ಲ, ಪಾಪ, ಅದು ಖಾಲಿ ಚಾಂದ್. ಮೊಹರಂ ಮುಗಿದ ಮೇಲೆ ಹುಟ್ಟುವ ಚಂದ್ರನ ಹೆಸರನ್ನು ಮಾತ್ರ ಅವರು ದನಿ ತಗ್ಗಿಸಿ ಹೇಳುತ್ತಿದ್ದರು: ತೇರಾ ತೇಜಿ. ಅದರ ಮೊದಲ ಹದಿಮೂರು ದಿನ ಕೆಟ್ಟವು. ಮದುವೆ ಮಾತಿಲ್ಲ, ಪ್ರಯಾಣವಂತೂ ಇಲ್ಲವೇ ಇಲ್ಲ.

ಇದಕ್ಕೆ ಆಧಾರವಿಲ್ಲ ಎಂದು ಮಸೀದಿಯ ಹಜರತ್ ಹೇಳಿ ಹೇಳಿ ಸೋತಿದ್ದಾರೆ. ನಾನು ಪಕ್ಕದ ಮನೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನಾನೂ ಸೋತವಳೇ. ಹಾಗಂತ ನಾವೇನು ಕಡಿಮೆಯೇ? ಚೌತಿಯ ಚಂದ್ರ ಕಣ್ಣಿಗೆ ಬೀಳದಿರಲೆಂದು ನಮ್ಮವ್ವ ಕಿಟಕಿ ಮುಚ್ಚಿ ಕೂರುತ್ತಾಳೆ.

ಆದರೆ ಖಾತೂನ್ ಬೀ ಅವರ ಭಯಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ, ತೇರಾ ತೇಜಿಯ ಹತ್ತನೇ ದಿನ, ಅವರ ಗಂಡ ಮೌಲಾ ಸಾಬ್ ಮೋಟಾರು ರಿಪೇರಿಗೆಂದು ಚಳ್ಳಕೆರೆಗೆ ಬೈಕಿನಲ್ಲಿ ಹೋದವರು ಹೆಣವಾಗಿ ಬಂದರು. ಉಳಿದವನು ಮಗ ಜಾಕಿರ್ ಒಬ್ಬನೇ. ಅವನದೂ ಅದೇ ಕಸುಬು. ಅಂದಿನಿಂದ ಆ ಹದಿಮೂರು ದಿನ ಅವನು ಊರು ದಾಟುವಂತಿಲ್ಲ ಎಂದು ಅವರ ಕಟ್ಟಪ್ಪಣೆ.

ಈ ವರ್ಷ ಮೊಹರಂ ಇಪ್ಪತ್ತೊಂಬತ್ತರ ಸಂಜೆ ಓಣಿಯ ಹೆಂಗಸರೆಲ್ಲ ಅವರ ಮಾಳಿಗೆ ಹತ್ತಿದೆವು. ಅಂದು ಚಂದ್ರ ಕಂಡರೆ ತೇರಾ ತೇಜಿ ಶುರು, ಕಾಣದಿದ್ದರೆ ಒಂದು ದಿನ ತಡ. ಪಡುವಣದ ತುಂಬ ಮೋಡ. ಖಾತೂನ್ ಬೀ ಕಣ್ಣು ಕಿರಿದು ಮಾಡಿ ನೋಡಿ, "ಅಗೋ, ಕಾಣ್ತು!" ಎಂದು ಕೈ ತೋರಿಸಿದರು. ನನಗೇನೂ ಕಾಣಲಿಲ್ಲ. ಯಾರಿಗೂ ಕಾಣಲಿಲ್ಲ. ಎಲ್ಲರೂ "ಹೂಂ, ಹೂಂ" ಎಂದೆವು. ಅಂದಿನಿಂದಲೇ ಅವರ ಎಣಿಕೆ ಶುರುವಾಯಿತು.

ಅವರ ಎಣಿಕೆಯ ಹದಿನಾಲ್ಕನೇ ಬೆಳಿಗ್ಗೆ ಜಾಕಿರ್ ಬೈಕ್ ಹೊರಗೆ ತೆಗೆದ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೋಟಾರು ಕೆಟ್ಟು ಕೂತಿತ್ತು. ನಾನು ಶಾಲೆಗೆ ಹೊರಟು ಬಾಗಿಲಲ್ಲಿದ್ದೆ. ಖಾತೂನ್ ಬೀ ಬರಿಗಾಲಲ್ಲಿ ಓಡಿ ಬಂದು ಹ್ಯಾಂಡಲ್ ಹಿಡಿದರು.

"ಹೋಗಬೇಡ. ಅವತ್ತು ನಾನು ಚಾಂದ್ ನೋಡ್ಲೇ ಇಲ್ಲ. ಕಣ್ಣಿಗೆ ಪೊರೆ ಬಂದೈತೆ. ಎಲ್ಲಾರೂ ನನ್ನ ಮುಖಾನೇ ನೋಡ್ತಾ ನಿಂತಿದ್ರಿ, ಕಾಣ್ತು ಅಂದ್ಬಿಟ್ಟೆ."

ಜಾಕಿರ್ ನಕ್ಕ. "ಗೊತ್ತಮ್ಮೀ. ಎರಡು ವರ್ಷದಿಂದ ಗೊತ್ತು. ನಿನಗೆ ಬೇಜಾರಾಗ್ತದೆ ಅಂತ ಯಾರೂ ಹೇಳಿಲ್ಲ, ಅಷ್ಟೇ."

"ಹಂಗಾದ್ರೆ ಇವತ್ತು ಎಷ್ಟು?"

ಅವನು ಸುಳ್ಳು ಹೇಳಬಹುದಿತ್ತು, ಮೂರ್ಖ. ಮೊಬೈಲ್ ತೆಗೆದು ನೋಡಿ, "ಹದಿಮೂರು" ಎಂದ. ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಮಧ್ಯಾಹ್ನ ಊಟಕ್ಕೆ ಬರ್ತೀನಿ" ಎಂದು ಹೊರಟೇಬಿಟ್ಟ.

ಖಾತೂನ್ ಬೀ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ನನ್ನ ಕಡೆ ತಿರುಗಿ, "ನನ್ನ ಸುಳ್ಳು ನನಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ. ನಿಮಗೆಲ್ಲಾ ಗೊತ್ತಿತ್ತು. ಒಬ್ಬರಾದ್ರೂ ಬಾಯಿ ಬಿಟ್ಟಿದ್ರೆ ಇವತ್ತು ಅವನನ್ನ ಮೊದಲೇ ತಡೀತಿದ್ದೆ ಅಲ್ವಾ ತ್ರಿವೇಣಿ?" ಎಂದರು.

ಆ ದಿನ ಶಾಲೆಗೆ ರಜೆ ಹಾಕಿ ಅವರ ಜಗಲಿಯಲ್ಲೇ ಕೂತೆ. ಊಟದ ಹೊತ್ತು ಮೀರಿತು. ಅನ್ನ ಆರಿತು. ಇದನ್ನೆಲ್ಲ ನಂಬದವಳು ನಾನು. ಆದರೂ ಹಿತ್ತಲಿಗೆ ಹೋಗಿ ಜಾಕಿರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತಿತು.

ಒಳಗಿನಿಂದ ಖಾತೂನ್ ಬೀ ಕೇಳಿದರು: "ಎತ್ತಿದ್ನಾ?"

"ಎತ್ತಿದ ಖಾಲಾ. ಕೆಲಸ ಮುಗಿದೈತಂತೆ, ಹೊರಟಿದ್ದಾನಂತೆ" ಎಂದೆ.

ಅವರು ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು. ಪೊರೆ ಬಂದ ಆ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ, ನನಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ, "ಹೂಂ, ಹೂಂ" ಎಂದರು.