ಮಗುಚಿಟ್ಟ ಸ್ಟೂಲುಗಳು

ಕೊಡೆಯಕ್ಕನ ಅಜ್ಜ ಬೀದಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಊರಿನ ಮುರಿದ ಕೊಡೆಗಳಿಗೆಲ್ಲ ಮೂಳೆ ಕೂಡಿಸಿದವನು. ಅಪ್ಪ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅಂಗಡಿಯಿಟ್ಟು, ಬಿರುಗಾಳಿಗೆ ಮಗುಚಿದರೂ ಮುರಿಯದ ಕೊಡೆ ಕಟ್ಟಿ ಹೆಸರಾದವನು. ಆ ಸಂದಿಯ ಅಂಗಡಿಯನ್ನು ಕಾರ್ಖಾನೆ ಮಾಡಿದವಳು ಈ ಮಗಳು. ಅಪ್ಪನ ಕಾಲದಿಂದ ಕೊಡೆಗಳಿಗೆ ಹಿಡಿಕೆ ಕೂಡಿಸುತ್ತಿರುವ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಅಪ್ಪ ಒಂದು ಪದ್ಧತಿ ಬಿಟ್ಟುಹೋಗಿದ್ದ. ಕೆಲಸದವರಿಗೆ ಏನಾದರೂ ಕುಂದುಕೊರತೆಯಿದ್ದರೆ ಬಾಯಿಬಿಟ್ಟು ಹೇಳಬೇಕಿಲ್ಲ. ಕೂರುವ ಸ್ಟೂಲನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟರಾಯಿತು. ಯಜಮಾನ ವಿಚಾರಿಸಿ, ಸರಿಪಡಿಸಿ, ತನ್ನ ಕೈಯಾರೆ ಅದನ್ನು ಇಳಿಸಬೇಕು.

ಮಳೆಗಾಲಕ್ಕೆ ಮುಂಚೆ ದೊಡ್ಡ ಆರ್ಡರ್ ಬಂತು. ಹೊಸಬರು ಸೇರಿ ಹಜಾರ ತುಂಬಿತು. ಅಕ್ಕನ ಅಣ್ಣನ ಮಗ, ಕಾನೂನು ಓದಿದವನು, ಬಂದು ಗೋಗರೆದ.

“ಅತ್ತೇ, ಜನ ಹೆಚ್ಚಾದ್ರು. ನೇಮಕ ಪತ್ರ, ಸಂಬಳದ ರಜೆ, ಓವರ್‌ಟೈಮು, ಹೆಂಗಸರಿಗೆ ಬೇರೆ ಶೌಚಾಲಯ, ದೂರು ಕೇಳೋಕೊಂದು ಸಮಿತಿ, ಎಲ್ಲಾ ಆಗ್ಬೇಕು.”

“ಸಮಿತಿಯಂತೆ! ಇಲ್ಲಿ ಯಾವ ಸ್ಟೂಲಾದ್ರೂ ಮಗುಚಿದ್ಯೇನೋ?”

ಮಗುಚಿರಲಿಲ್ಲ, ನಿಜ. ಹೊಸಬರಿಗೆ ಆ ಪದ್ಧತಿಯೇ ಗೊತ್ತಿರಲಿಲ್ಲ. ಹಳಬರು ಸಂಕೋಚಕ್ಕೆ ಸುಮ್ಮನಿದ್ದೆವು.

ಒಂದು ಬೆಳಿಗ್ಗೆ, ಹೊಸದಾಗಿ ಸೇರಿದ ಬಟ್ಟೆ ಕತ್ತರಿಸುವ ಹುಡುಗಿ ಸ್ಟೂಲುಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟು ನೆಲ ತೊಳೆದಳು. ಅವಳು ಕೊಳೆ ನೀರು ಚೆಲ್ಲಲು ಹಿಂದಕ್ಕೆ ಹೋಗಿದ್ದಳು. ನೆಲ ಒಣಗಲೆಂದು ನಾವು ಗೋಡೆಗೊರಗಿ ನಿಂತಿದ್ದೆವು. ಆಗ ಅಕ್ಕ ಬಂದಳು. ಬಾಗಿಲಲ್ಲೇ ಕಂಬವಾದಳು. ಆರ್ಡರ್ ಇನ್ನೂ ಅರ್ಧವಷ್ಟೇ ಮುಗಿದಿತ್ತು. ಇಷ್ಟೂ ಜನ ಕೈಕೊಟ್ಟರೆ ಅಜ್ಜನ ಕಸುಬಿಗೇ ಬೀಗ.

ನಾನು ನಿಜ ಹೇಳಲು ಬಾಯಿ ತೆರೆದೆ. ಹೊಲಿಗೆಯ ಚಿಕ್ಕಮ್ಮ ಚುರ್ರೆನ್ನುವಂತೆ ಚಿವುಟಿದಳು. “ಸುಮ್ನಿರಿ ದೊಡ್ಡಪ್ಪ, ಏನಂತಾಳೋ ಕೇಳೋಣ.”

ಅಕ್ಕ ತಾನಾಗಿಯೇ ಶುರುಮಾಡಿದಳು. “ಚಿಕ್ಕಮ್ಮ, ಹೊತ್ತು ಮುಳುಗಿದ್ರೂ ಕೂರಿಸ್ಕೊಂಡೆ, ಓವರ್‌ಟೈಮು ಕೊಡ್ಲಿಲ್ಲ. ಕೊಡ್ತೀನಿ. ಕಡ್ಡಿಯಣ್ಣ, ಮಗು ಹುಟ್ಟಿದಾಗ ರಜೆ ಕೇಳಿದ್ರೆ ಮುಖ ಗಂಟು ಹಾಕ್ಕೊಂಡೆ. ತಪ್ಪು. ಶೌಚಾಲಯಕ್ಕೆ ಚಿಲಕ ಇಲ್ಲ, ಗೊತ್ತು. ನಾನೂ ಒಳಗೆ ಹಾಡು ಹೇಳ್ಕೊಂಡೇ ಕೂರೋದು! ಇವತ್ತೇ ಹಾಕಿಸ್ತೀನಿ, ಹೆಂಗಸರಿಗೆ ಬೇರೇನೇ ಕಟ್ಟಿಸ್ತೀನಿ.”

“ಚಹಾನೂ ಬರೀ ನೀರು,” ಎಂದ ಕೊಡೆಗೆ ಕಡ್ಡಿ ಜೋಡಿಸುವ ಕಡ್ಡಿಯಣ್ಣ, ಮೆತ್ತಗೆ.

“ಅದೂ ಗಟ್ಟಿಯಾಗುತ್ತೆ ಕಣಣ್ಣ!”

ಅಷ್ಟರಲ್ಲಿ ಹುಡುಗಿ ಖಾಲಿ ಬಕೆಟ್ ಹಿಡಿದು ಬಂದಳು. “ನೆಲ ಒಣಗಿದೆ ಅಕ್ಕಾ, ಸ್ಟೂಲು ಇಳಿಸ್ಲಾ?”

ಇಡೀ ಹಜಾರ ಘೊಳ್ಳೆಂದಿತು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. “ಆಡಿದ್ದು ಆಡಿದೆ. ಯಾರೂ ಸ್ಟೂಲು ಮುಟ್ಬೇಡಿ,” ಎಂದು ಅಣ್ಣನ ಮಗನನ್ನು ಕರೆಸಿದಳು.

ಅವನು ನಿಯಮ ಬಿಡಿಸಿ ಹೇಳಿದ. ಅವಳು ಒಬ್ಬೊಬ್ಬರನ್ನೇ ಕರೆದು, ಅವರ ಕೆಲಸ, ಸಂಬಳ, ರಜೆ ಮಾತಾಡಿ, ನೇಮಕ ಪತ್ರ ಕೈಗಿತ್ತು, ಆಮೇಲೆ ಅವರ ಸ್ಟೂಲು ಇಳಿಸಿದಳು. ಸರದಿ ಬಾರದವರು ನಿಂತೇ ಕೆಲಸ ಮಾಡಿದೆವು. ದೂರು ಸಮಿತಿಗೆ ಚಿಕ್ಕಮ್ಮನೇ ಮುಂದಾಳಾದಳು; ಚಿವುಟುವ ಕೈ ಅದಕ್ಕೆ ಸರಿಹೋಯಿತು.

ಸಂಜೆಗೆ ಅಕ್ಕನ ಸೊಂಟ ಹಿಡಿದುಕೊಂಡಿತ್ತು. ಉಳಿದ ಸ್ಟೂಲುಗಳಿಗೆ ಅಣ್ಣನ ಮಗ ಕೈಚಾಚಿದ.

“ಬಿಡೋ, ಮುಟ್ಬೇಡ. ಕಾನೂನು ನೀನು ಹೇಳು. ಸ್ಟೂಲು ನಾನೇ ಇಳಿಸ್ಬೇಕು.”