ಎರಡು ಮುಷ್ಟಿಯ ಆಟ

ಐವತ್ತರ ದಶಕದ ಮಾತು. ಅಕ್ಕ ಕಾಗದ ಬರೆಸಿದ್ದು ಇಷ್ಟಕ್ಕೇ: ಮಗ ನಮ್ಮ ತೆಲುಗು ಮರೆಯಬಾರದು, ಒಂದು ತಿಂಗಳು ಬಂದು ಆಡಿಸು. ಅವಳಿಗೆ ಕ್ಷಯ. ಎರಡೂವರೆ ವರ್ಷದ ಮಗನನ್ನು ಅವಳ ಕೋಣೆಯ ಹೊಸಿಲು ದಾಟಗೊಡುತ್ತಿರಲಿಲ್ಲ. ಹಳ್ಳಿಮೈಸೂರಿನ ಆ ಮನೆಯಲ್ಲಿ ಉಳಿದವರೆಲ್ಲರದೂ ಕನ್ನಡ. ನನಗೆ ಹದಿನೇಳು, ಹಾಸನದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅಕ್ಕನ ಮನೆಗೆ ಬಂದವಳು, ಹಾಸನಕ್ಕೆ ಹೊರಡುವ ದಿನಕ್ಕೆಂದು ಟ್ರಂಕನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡೆ.

ಆಟ ನಾನೇ ಕಟ್ಟಿದ್ದು. ರಾಗಿಹಿಟ್ಟು ಕಲಸಿ ಬೆಕ್ಕು ಮಾಡಿ ಎದುರಿಗಿಟ್ಟು, ಎರಡೂ ಮುಷ್ಟಿ ಚಾಚುತ್ತಿದ್ದೆ. ಎಡಗೈ ಮುಟ್ಟಿದರೆ ತೆಲುಗು, ‘ಪಿಲ್ಲಿ’. ಬಲಗೈ ಮುಟ್ಟಿದರೆ ಕನ್ನಡ, ‘ಬೆಕ್ಕು’. ಸರಿ ಹೇಳಿದರೆ ಮುಷ್ಟಿ ಬಿಚ್ಚಿ ಚೂರು ಬೆಲ್ಲ. ಹತ್ತು ದಿನಕ್ಕೆ ಅವನೇ ಮುಷ್ಟಿ ಚಾಚಿ ನನ್ನನ್ನು ಪರೀಕ್ಷೆ ಮಾಡತೊಡಗಿದ. ನಾನೋ, ಎಂಥಾ ಟೀಚರಮ್ಮ ಅಂತ ಉಬ್ಬಿಹೋದೆ. ಪೆದ್ದಿ!

ನನ್ನ ಮಡಿಲಲ್ಲಲ್ಲದೆ ಅವನು ಉಣ್ಣದಾದ, ಮಲಗದಾದ. ಅಕ್ಕನ ಅತ್ತೆ ಕಂಬಕ್ಕೊರಗಿ ನೋಡುತ್ತ ಕೂರುತ್ತಿದ್ದರು. ಒಂದು ದಿನ ನನ್ನ ನಕ್ಷತ್ರ ಕೇಳಿದರು. ಇನ್ನೊಂದು ದಿನ ಅಕ್ಕನ ಸೀರೆ ತಂದು, “ಮಡಿಕೇಲೇ ಇದ್ರೆ ಅರಿದೋಗ್ತದೆ ಕಣವ್ವ, ನೀನೇ ಉಟ್ಕೊ,” ಅಂದರು. ತಮಾಷೆ ಮಾಡುತ್ತಿದ್ದ ಭಾವ, ನಾನು ಬಡಿಸುವಾಗ ತಲೆ ಎತ್ತುವುದನ್ನೇ ನಿಲ್ಲಿಸಿದರು. ಹೆದರಿ, ಹೊರಡುವ ದಿನ ಎಣಿಸತೊಡಗಿದೆ. ಅಕ್ಕ ಹೋದರೆ ತಂಗಿಯನ್ನು ತಂದುಕೊಳ್ಳುವುದು ನಮ್ಮವರಲ್ಲಿ ನಡೆದುಬಂದದ್ದೇ. ಕುರಿ ಕೇಳಿ ಮಸಾಲೆ ಅರೀತಾರಾ? ಆದರೆ ಅಕ್ಕ ಇನ್ನೂ ಬದುಕಿದ್ದಳಲ್ಲ!

ಹೊರಡಲು ಎರಡು ದಿನವಿತ್ತು. ಬೆಳಿಗ್ಗೆ, ಅಕ್ಕನಿಗೂ ಕೇಳಲಿ ಅಂತ, ಅವಳ ಕೋಣೆಯ ಎದುರಿಗೇ ಆಟಕ್ಕೆ ಕೂತೆವು. ಅವನು ನನ್ನ ಎಡಮುಷ್ಟಿ ಮುಟ್ಟಿ, ಕೋಣೆಯತ್ತ ಬೆರಳು ತೋರಿಸಿ ‘ಅಮ್ಮ’ ಅಂದ. ಬಲಮುಷ್ಟಿ ಮುಟ್ಟಿ, ನನ್ನ ಮುಖ ನೋಡಿ ‘ಅವ್ವ’ ಅಂದ. ಆ ಮನೆಯಲ್ಲಿ ತಾಯಿಯನ್ನು ಕರೆಯುತ್ತಿದ್ದುದೇ ಅವ್ವ ಅಂತ.

ಅದುವರೆಗೆ ನಾನವನಿಗೆ ಚಿಕ್ಕಮ್ಮ. ಉರಿದುಹೋಗಿ ಅತ್ತೆಯತ್ತ ತಿರುಗಿದೆ. ಅವರೂ ಬೆಚ್ಚಿ ಕೂತಿದ್ದರು.

ಒಳಗಿನಿಂದ ಅಕ್ಕ, ಅವರಿಗೆ ತಿಳಿಯದಿರಲೆಂದು ತೆಲುಗಿನಲ್ಲಿ ಹೇಳಿದಳು: “ಅವರನ್ನ ಬಯ್ಯಬೇಡ. ನೀನು ನೀರಿಗೆ ಹೋದಾಗ ಇಲ್ಲಿಂದಲೇ ನಾನು ಕಲಿಸಿದ್ದು.”

ಅವನು ಬೆಲ್ಲಕ್ಕಾಗಿ ನನ್ನ ಬಲಮುಷ್ಟಿ ತಟ್ಟುತ್ತಲೇ ಇದ್ದ. ಸಿಟ್ಟಿಗೆ ಇನ್ನೂ ಬಿಗಿಹಿಡಿದೆ. ಅಳತೊಡಗಿದ. ಬಿಚ್ಚಿದೆ.

ಸಂಜೆ ನೋಡಿದರೆ ಟ್ರಂಕು ಅಟ್ಟದ ಮೇಲಿತ್ತು.